ಸಿದ್ದಮ್ಮನ ನಡುಮನೆಯಲ್ಲಿ ಓದಿದ ಯುದ್ಧ

ಉಂಡೆ ಕೊಬ್ಬರಿಯ ವಾಸನೆ ಮೂಗಿಗೆ ಬಡಿದರೆ ನನಗೆ ಯುದ್ಧ ನೆನಪಾಗುತ್ತದೆ. ಮನೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಕೊಬ್ಬರಿ ಎಂದರೆ ಹೋಳಿಗೆಯೋ ಮಿಠಾಯಿಯೋ ನೆನಪಾಗಬೇಕು, ಇವಳಿಗೆ ಯುದ್ಧವಂತೆ ಎಂದು ನನ್ನ ಗಂಡ ಮಗಳ ಕಡೆ ತಿರುಗಿ ಕಣ್ಣು ಹೊಡೆಯುತ್ತಾನೆ. ಹೋದ ತಿಂಗಳು ತಮ್ಮನ ಮಗುವಿನ ನಾಮಕರಣಕ್ಕೆ ಅರಸೀಕೆರೆಗೆ ಹೋಗಿದ್ದೆ. ರೈಲಿಳಿದು ಸ್ಟೇಷನ್ನಿನಿಂದ ಹೊರಗೆ ಬಂದರೆ ಆಟೋ ಸ್ಟ್ಯಾಂಡಿನ ಪಕ್ಕದಲ್ಲೇ ಕೊಬ್ಬರಿ ಮೂಟೆ ಹೇರಿಕೊಂಡ ಲಾರಿಯೊಂದು ಕೆಟ್ಟು ನಿಂತಿತ್ತು. ಬಿಸಿಲಿಗೆ ಕಾದ ಗೋಣಿಗಳಿಂದ ಆ ವಾಸನೆ ಏಳುತ್ತಿತ್ತು, ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಕಮಟೂ ಅಲ್ಲ, ಅಟ್ಟದ ವಾಸನೆ. ಆಟೋದವನು "ಎಲ್ಲಿಗೆ ಮೇಡಂ" ಎಂದು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಿದ್ದರೆ ತಾನೇ. ನಾನಾಗ ಇಪ್ಪತ್ನಾಲ್ಕು ವರ್ಷದವಳಾಗಿ ಹಳೇಬೀಡಿನಲ್ಲಿ, ಸಿದ್ದಮ್ಮನವರ ನಡುಮನೆಯಲ್ಲಿ, ನೀಲಿ ರಟ್ಟಿನ ಲಾಂಗ್ ಬುಕ್ ಹಿಡಿದು ಕೂತಿದ್ದೆ.

ಆ ವರ್ಷ ಬಿ.ಎಡ್. ಮುಗಿಸಿ ಅರಸೀಕೆರೆಯ ಮನೆಯಲ್ಲಿ ಅಮ್ಮನ ತಲೆ ತಿನ್ನುತ್ತಿದ್ದೆ. ಅಪ್ಪ ಕಚೇರಿಯಲ್ಲಿ ಗುಮಾಸ್ತರು, ಕೂತು ತಿನ್ನುವವರನ್ನು ಕಂಡರೆ ಅವರಿಗಾಗದು. ಹಳೇಬೀಡಿನ ಒಂದು ಹೈಸ್ಕೂಲಿನಲ್ಲಿ ಕನ್ನಡಕ್ಕೆ ಅತಿಥಿ ಶಿಕ್ಷಕಿ ಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ಜೂನ್ ತಿಂಗಳ ಮೊದಲ ವಾರವೇ ನನ್ನನ್ನೂ ಒಂದು ಟ್ರಂಕನ್ನೂ ಜಾವಗಲ್ ಮಾರ್ಗದ ಬಸ್ಸಿಗೆ ಹತ್ತಿಸಿದರು. ಅಪ್ಪನ ಪರಿಚಯದ ಕೊಬ್ಬರಿ ವ್ಯಾಪಾರಿಯೊಬ್ಬರ ದೂರದ ನೆಂಟರು ಸಿದ್ದಮ್ಮ. ಅವರ ಮನೆಯ ಮುಂಭಾಗದ ಕೋಣೆ ನನಗೆ ಸಿಕ್ಕಿತು. ನಾನು ಹೋಗಲು ಒಪ್ಪಿದ್ದಕ್ಕೆ ಮನೆಯವರಿಗೆ ಗೊತ್ತಿಲ್ಲದ ಕಾರಣವೂ ಒಂದಿತ್ತು. ನಾನು ಕಾದಂಬರಿ ಬರೆಯುತ್ತಿದ್ದೆ. ಅದನ್ನು ಮುಗಿಸಲು ಅಮ್ಮನಿಲ್ಲದ ಒಂದು ಕೋಣೆ ನನಗೆ ಬೇಕಾಗಿತ್ತು.

ಸಿದ್ದಮ್ಮನವರಿಗೆ ಆಗ ಐವತ್ತೈದರ ಆಸುಪಾಸು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ತೆಂಗಿನ ತೋಟವನ್ನು ಅವರೇ ನಡೆಸುತ್ತಿದ್ದರು. ಹಣೆ ತುಂಬ ವಿಭೂತಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ಯಾರನ್ನೂ ಲೆಕ್ಕಕ್ಕಿಡದ ಗಂಟಲು. ನನ್ನ ಕೋಣೆಯ ನೆತ್ತಿಯ ಮೇಲೆಯೇ ಕಾಯಿ ತುಂಬಿದ ಅಟ್ಟ. ಸುಲಿಯದ ಕಾಯಿಗಳನ್ನು ಅಲ್ಲಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಸಿದ್ದಮ್ಮ ಏಣಿ ಹತ್ತಿ, ಒಂದೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇನ್ನೂ ಇಲ್ಲ" ಎಂದು ಮತ್ತೆ ಅಲ್ಲೇ ಇಡುತ್ತಿದ್ದರು. ಯಾವುದಕ್ಕೂ ಆತುರಪಡದ ಹೆಂಗಸು ಎಂದುಕೊಂಡಿದ್ದೆ. ಮಗನ ವಿಷಯ ನನಗಿನ್ನೂ ಗೊತ್ತಿರಲಿಲ್ಲ.

ಒಬ್ಬನೇ ಮಗ ಲೋಕೇಶ ಸೇನೆಯಲ್ಲಿದ್ದ. ಹಿಂದಿನ ಬೇಸಿಗೆಯಲ್ಲಿ ರಜೆಗೆ ಬಂದವನಿಗೆ ಹಗರೆಯಿಂದ ಹೆಣ್ಣು ತಂದು ಮದುವೆ ಮಾಡಿದ್ದರು. ಮದುವೆಯಾದ ಇಪ್ಪತ್ತೆರಡನೇ ದಿನ ಅವನು ಗಡಿಗೆ ಹೊರಟುಹೋದ. ಆ ಹೆಣ್ಣೇ ಪವಿತ್ರ. ನನಗಿಂತ ಮೂರು ವರ್ಷ ಚಿಕ್ಕವಳು, ಬಿ.ಕಾಂ. ಓದಿದವಳು, ಅತ್ತೆಯ ಮುಂದೆ ತಲೆ ತಗ್ಗಿಸಿಕೊಂಡಿದ್ದು ಹಿಂದೆ ನಿಂತು ಅವರ ನಡಿಗೆಯನ್ನು ಅನುಕರಿಸಿ ತೋರಿಸುವ ತುಂಟಿ. ಗಂಡನನ್ನು ನೋಡಿದ್ದಕ್ಕಿಂತ ಫೋನಿನಲ್ಲಿ ಕೇಳಿದ್ದೇ ಹೆಚ್ಚು. ಭಾನುವಾರ ಮಧ್ಯಾಹ್ನ ಅವನ ಫೋನು ಬರುತ್ತಿತ್ತು. ಮೊದಲು ಅಮ್ಮನ ಜೊತೆ ಮಾತು, ಮಳೆ, ಕಾಯಿ, ಹಸುವಿನ ಸಮಾಚಾರ. ಕೊನೆಗೆ ಇವಳ ಸರದಿ. ಇವಳು ಫೋನು ಹಿಡಿದು ಹಿತ್ತಲಿಗೆ ಹೋಗಿ ಹೂಂ, ಹೂಂ ಎನ್ನುವಷ್ಟರಲ್ಲಿ ಸಿಗ್ನಲ್ ಹೋಗುತ್ತಿತ್ತು.

ನನ್ನ ಕಾದಂಬರಿಯ ವಿಷಯ ಈಗ ಹೇಳಲು ಸ್ವಲ್ಪ ಮುಜುಗರ. ಅದೊಂದು ಕಲ್ಪಿತ ರಾಜ್ಯ. ಶಿಲ್ಪಿಯ ಮಗಳು ಶಾಮಲೆ ಕೈಯಿಟ್ಟರೆ ಗೋಡೆಯ ಮೇಲಿನ ಕಲ್ಲಿನ ಪ್ರಾಣಿಗಳು ಉಸಿರಾಡುತ್ತವೆ. ಉತ್ತರದ ಸೈನ್ಯ ದಂಡೆತ್ತಿ ಬಂದಿದೆ. ಅಗ್ನಿವರ್ಮ ಎಂಬ ಹತ್ತೊಂಬತ್ತರ ಯೋಧ ರಾಜಕುಮಾರನ ಅಂಗರಕ್ಷಕ, ಒಡೆಯ ಸತ್ತ ದಿನವೇ ತಾನೂ ಸಾಯುತ್ತೇನೆಂದು ಆಣೆ ಮಾಡಿದ ಗರುಡ. ಅಂಥ ಆಣೆ ಮಾಡಿದವರು ನಮ್ಮ ಕಡೆ ಹಿಂದೆ ನಿಜವಾಗಿಯೂ ಇದ್ದರು, ಹಳೇಬೀಡಿನ ಗುಡಿಯ ಬಳಿ ಅವರ ಕಂಬ ಈಗಲೂ ನಿಂತಿದೆ. ಅಂಥವನನ್ನು ಶಾಮಲೆ ಪ್ರೀತಿಸುತ್ತಾಳೆ. ಅವನ ಗುಂಗುರು ಕೂದಲಿಗೆ ನಾನು ಒಂದೂವರೆ ಪುಟ ಖರ್ಚು ಮಾಡಿದ್ದೆ. ಕೊನೆಯಲ್ಲಿ ಅವನು ಸಾಯಬೇಕೆಂದು ಮೊದಲ ಪುಟ ಬರೆಯುವಾಗಲೇ ತೀರ್ಮಾನಿಸಿದ್ದೆ. ಸಾಯದಿದ್ದರೆ ಅದೆಂಥ ಪ್ರೇಮ ಎನ್ನುವ ವಯಸ್ಸು ನನ್ನದು. ಮೊದಲ ಐದು ಅಧ್ಯಾಯ ನೋಡಿ ಬೆಂಗಳೂರಿನ ಪ್ರಕಾಶಕರೊಬ್ಬರು, ದೀಪಾವಳಿಯೊಳಗೆ ಪೂರ್ತಿ ಕಳಿಸಿದರೆ ಅಚ್ಚು ಮಾಡುತ್ತೇವೆ ಎಂದು ಬರೆದಿದ್ದರು. ಆ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ.

ಒಂದು ದಿನ ನಾನು ಶಾಲೆಯಿಂದ ಬಂದರೆ ಪವಿತ್ರ ನನ್ನ ಮಂಚದ ಮೇಲೆ ಬೋರಲಾಗಿ ಮಲಗಿ ಆ ಲಾಂಗ್ ಬುಕ್ಕನ್ನು ಓದುತ್ತಿದ್ದಳು. ಕೋಣೆ ಗುಡಿಸಲು ಬಂದವಳು ಪೊರಕೆಯನ್ನು ಪಕ್ಕದಲ್ಲಿಟ್ಟುಕೊಂಡು ಏಳನೇ ಅಧ್ಯಾಯಕ್ಕೆ ತಲುಪಿದ್ದಳು. ನನಗೆ ಮೈಯೆಲ್ಲಾ ಉರಿಯಿತು. ಬೈಯಬೇಕೆಂದು ಬಾಯಿ ತೆರೆದೆ. ಅವಳು ತಲೆಯೆತ್ತಿ, "ಮಿಸ್, ಇವನಿಗೆ ಇವಳು ಇಷ್ಟ ಅಂತ ಯಾವಾಗ ಹೇಳ್ತಾನೆ? ಯುದ್ಧ ಬೇರೆ ಹತ್ರ ಬಂತು" ಎಂದಳು. ಬರೆಯುವವರ ಕೋಪ ಇಂಥ ಪ್ರಶ್ನೆಯ ಮುಂದೆ ಎಷ್ಟು ಹೊತ್ತು ನಿಂತೀತು. ನಾನು ಚಪ್ಪಲಿ ಬಿಚ್ಚುವುದನ್ನೂ ಮರೆತು ಪಕ್ಕದಲ್ಲಿ ಕೂತೆ.

ಶ್ರಾವಣ ಬಂತು. ಊರಿನ ಮಠದಲ್ಲಿ ಆ ತಿಂಗಳಿಡೀ ಸಂಜೆ ಪುರಾಣ ಓದಿಸುವುದು ವಾಡಿಕೆ. ಆ ವರ್ಷ ಓದುವ ಶಾಸ್ತ್ರಿಗಳಿಗೆ ಕಣ್ಣಿನ ಆಪರೇಷನ್ ಆಗಿ ಪುರಾಣ ನಿಂತುಹೋಯಿತು. ಶ್ರಾವಣದ ಸಂಜೆ ಏನನ್ನೂ ಕೇಳದೆ ಕಳೆಯುವುದು ಸಿದ್ದಮ್ಮನವರಿಂದ ಆಗದ ಮಾತು. ನಾವಿಬ್ಬರು ಕೋಣೆಯಲ್ಲಿ ಗುಸುಗುಸು ಓದಿಕೊಳ್ಳುವುದು ಅವರ ಕಿವಿಗೆ ಬಿದ್ದಿತ್ತು.

"ಏನ್ ಮೇಷ್ಟ್ರಮ್ಮ, ಕದ ಹಾಕ್ಕಂಡು ಓದ್ತೀರಲ್ಲ, ನಾನೇನ್ ಕೇಳ್ಬಾರದ್ದಾ?"

"ಅದು ಕಥೆ ಅಮ್ಮಾ, ನಾನೇ ಬರೆದಿದ್ದು. ದೇವರದ್ದಲ್ಲ."

"ಯುದ್ಧ ಐತಾ?"

"ಇದೆ."

"ಗುಡಿ ಐತಾ?"

"ಇದೆ."

"ಮತ್ತಿನ್ನೇನ್ ಬೇಕು. ಬಾ ಈ ಕಡೀಕೆ."

ಮರುದಿನ ಸಂಜೆ ಏಳಕ್ಕೆ ನಡುಮನೆಯಲ್ಲಿ ಮಣೆ ಹಾಕಿತ್ತು. ಮರದ ಪುಸ್ತಕಪೀಠವನ್ನು ತೊಳೆದು ಇಟ್ಟಿದ್ದರು. ನನ್ನ ನೀಲಿ ಲಾಂಗ್ ಬುಕ್ಕಿಗೆ ಸಿದ್ದಮ್ಮ ಮೂರು ಬೆರಳಿನಿಂದ ವಿಭೂತಿ ಬಳಿದು, ದೀಪ ಹಚ್ಚಿ, ಎದುರಿಗೆ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಕೂತರು. ಬೀಜ ಬಿಡಿಸುತ್ತಾ ಕೇಳುವುದು ಅವರ ಪದ್ಧತಿ. ನನಗೆ ನಗು ತಡೆಯಲಾಗಲಿಲ್ಲ, ಪವಿತ್ರ ತೊಡೆ ಚಿವುಟಿದಳು. ಆದರೆ ಓದುತ್ತಾ ಓದುತ್ತಾ ನನ್ನ ಧ್ವನಿಯೇ ನನಗೆ ಬೇರೆಯಾಗಿ ಕೇಳತೊಡಗಿತು. ಪ್ರೇಮದ ಮಾತು ಬಂದಲ್ಲೆಲ್ಲ ನಾನು ಎರಡು ಸಾಲು ಹಾರಿಸುತ್ತಿದ್ದೆ. ಸಿದ್ದಮ್ಮ ತಲೆಯೆತ್ತದೆ, "ಬಿಡ್ಬ್ಯಾಡ, ಎಲ್ಲಾ ಓದು, ನಾನೂ ಮದ್ವೆ ಆದೋಳೇಯ" ಎನ್ನುತ್ತಿದ್ದರು. ಅವರಿಗಿದ್ದ ತಕರಾರು ಬೇರೆ. ನಾಲ್ಕನೇ ಸಂಜೆ ಓದನ್ನು ನಿಲ್ಲಿಸಿ, "ಅಲ್ಲ, ಆ ಹುಡುಗ ಊಟ ಮಾಡಿದ್ದು ಯಾವಾಗ?" ಎಂದರು. ಲೆಕ್ಕ ಹಾಕಿದರೆ, ಅಷ್ಟೂ ಅಧ್ಯಾಯಗಳಲ್ಲಿ ಯಾರೂ ಒಂದು ತುತ್ತು ತಿಂದಿರಲಿಲ್ಲ. ಮಾರನೆಯ ದಿನ ಸೈನ್ಯಕ್ಕೆಲ್ಲ ರೊಟ್ಟಿ ಹಂಚಿಸಿದೆ.

ಬರೆದದ್ದನ್ನೆಲ್ಲ ಓದಿ ಮುಗಿಸಿದ ಮೇಲೆ ಕೆಲಸ ಸಿಕ್ಕಿಕೊಂಡಿತು. ಬೆಳಿಗ್ಗೆ ಬೇಗ ಎದ್ದು, ಶಾಲೆಯಲ್ಲಿ ಖಾಲಿ ಪೀರಿಯಡ್ ಸಿಕ್ಕಾಗ, ಅಂದಂದಿನದು ಅಂದಂದು ಬರೆಯಬೇಕಾಯಿತು. ಶ್ರಾವಣ ಮುಗಿದರೂ ಓದು ನಿಲ್ಲಲಿಲ್ಲ. ಹೊರಗೆ ಸಣ್ಣ ಮಳೆ ಹಿಡಿದಿರುತ್ತಿತ್ತು, ಕೆರೆ ಕಡೆಯಿಂದ ತಣ್ಣನೆ ಗಾಳಿ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ನಾನು ಮತ್ತೆಂದೂ ಬರೆದಿಲ್ಲ.

ಭಾದ್ರಪದದಲ್ಲಿ ಗಡಿಯಲ್ಲಿ ಗುಂಡಿನ ಚಕಮಕಿ ಶುರುವಾಯಿತು. ಮೊದಲು ಟಿ.ವಿ.ಯ ಕೆಳಗೆ ಓಡುವ ಒಂದು ಸಾಲು. ಆಮೇಲೆ ದಿನವಿಡೀ ಅದೇ. ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟರು ಬಿಸ್ಕತ್ತು ಅದ್ದಿಕೊಂಡು ಯುದ್ಧ ಮಾಡಿಯೇ ತೀರಬೇಕೆನ್ನುತ್ತಿದ್ದರು. ಆ ಭಾನುವಾರ ಲೋಕೇಶನ ಫೋನು ಬೆಳಿಗ್ಗೆಯೇ ಬಂತು. "ಸ್ವಲ್ಪ ದಿನ ಫೋನ್ ಬರಾಕಿಲ್ಲ ಕಣಮ್ಮ, ಮುಂದಕ್ಕೆ ಹೋಗ್ತಾ ಇದೀವಿ" ಎಂದನಂತೆ. ಹೆಂಡತಿಗೆ ಕೊಡುವಷ್ಟರಲ್ಲಿ ಲೈನು ಹೋಯಿತು. ಪವಿತ್ರ ಆ ಫೋನನ್ನು ಹಿಡಿದುಕೊಂಡು ಹಿತ್ತಲಿನಲ್ಲಿ ಬಹಳ ಹೊತ್ತು ಕೂತಿದ್ದಳು.

ಅಂದಿನಿಂದ ಸಿದ್ದಮ್ಮ ಟಿ.ವಿ. ಹಾಕಗೊಡಲಿಲ್ಲ. ಓದು ಮಾತ್ರ ನಡೆಯಲಿ ಎಂದರು. ಹತ್ತು ದಿನ ಫೋನಿಲ್ಲದೆ ಕಳೆಯಿತು. ಹನ್ನೊಂದನೆಯ ಸಂಜೆ ನಾನು ಕೋಟೆಯ ಬಾಗಿಲಿನ ಕಾಳಗ ಓದಿದೆ. ಅದನ್ನು ಬರೆಯುವಾಗ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು. ಓದುಗರನ್ನು ಅಂಚಿನಲ್ಲಿ ನಿಲ್ಲಿಸಿ ಬಿಡಬೇಕು ಎಂಬ ಪಾಠ ನನಗೆ ಚೆನ್ನಾಗಿ ಗೊತ್ತಿತ್ತು. "ಉತ್ತರದ ಬಿಲ್ಲುಗಾರನ ಬಾಣ ಅಗ್ನಿವರ್ಮನ ಎದೆಯನ್ನು ಹೊಕ್ಕಿತು. ಕುದುರೆಯೊಂದೇ ಮುಂದಕ್ಕೆ ಓಡಿತು" ಎಂದು ಓದಿ, ಒಂದು ಗಳಿಗೆ ತಡೆದು, ಲಾಂಗ್ ಬುಕ್ಕನ್ನು ಪಟ್ಟನೆ ಮುಚ್ಚಿದೆ.

"ಮುಂದಕ್ಕೆ ಓದು" ಎಂದರು ಸಿದ್ದಮ್ಮ.

"ಇವತ್ತಿಗೆ ಇಷ್ಟೇ ಅಮ್ಮಾ."

"ಇಷ್ಟೇ ಅಂದ್ರೆ? ಹೋಗೇಬಿಟ್ನಾ?"

"ಅದು ನಾಳೆ ಗೊತ್ತಾಗುತ್ತೆ" ಎಂದೆ, ಸ್ವಲ್ಪ ಬೀಗಿಕೊಂಡೇ.

ಹುಣಸೆಹಣ್ಣಿನ ಮೇಲೆ ಅವರ ಕೈ ನಿಂತುಹೋಯಿತು. "ಸಾವಿನ ಮ್ಯಾಲೆ ಪುಸ್ತಕ ಮುಚ್ತಾರೇನೇ? ನಿಮ್ಮನೇಲಿ ಯಾರೂ ಹೇಳ್ಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದರು. ಅದೇ ನನ್ನನ್ನು ಇಂದಿಗೂ ಚುಚ್ಚುವುದು. ಪುರಾಣ ಓದುವಾಗ ಹೊತ್ತು ಮುಗಿದ ಕಡೆ ನಿಲ್ಲಿಸುವಂತಿಲ್ಲ. ಯಾರಾದರೂ ಬಿದ್ದ ಜಾಗದಲ್ಲಿ ಹೊತ್ತಾಯಿತೆಂದರೆ, ಅಡಿಗೆ ಆರಿದರೂ ಸರಿ, ಮುಂದೆ ಒಂದು ಮದುವೆಯೋ ಪಟ್ಟಾಭಿಷೇಕವೋ ಮಗು ಹುಟ್ಟಿದ ಸುದ್ದಿಯೋ ಬರುವವರೆಗೆ ಓದಿ ಮಂಗಳ ಹೇಳಿಯೇ ಪುಸ್ತಕ ಮುಚ್ಚಬೇಕು. ಸಾವಿನಲ್ಲಿ ಮುಚ್ಚಿದರೆ ಸಾವು ಕೇಳಿದವರ ಮನೆಯಲ್ಲೇ ಉಳಿದುಬಿಡುತ್ತದೆ ಎಂದು ನಮ್ಮ ತಾತನೂ ಹೇಳುತ್ತಿದ್ದರು. ಆದರೆ ನನ್ನ ಲಾಂಗ್ ಬುಕ್ಕು ಆ ಕಟ್ಟಳೆಗೆ ಸೇರಿದ್ದೆಂದು ನನಗೆ ಹೊಳೆದೇ ಇರಲಿಲ್ಲ. ದೀಪ ಹಚ್ಚಿ ವಿಭೂತಿ ಬಳಿದ ಮೊದಲ ಸಂಜೆಯೇ ಅದು ಸೇರಿಹೋಗಿತ್ತು.

"ಮುಂದಿಂದು ಬರೆದಿಲ್ಲ ಅಮ್ಮಾ" ಎಂದೆ.

ಸಿದ್ದಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದು ಕೈ ತೊಳೆದು ಬಂದು, ನಾನು ಮುಚ್ಚಿದ ಪುಟವನ್ನು ಹುಡುಕಿ ತೆರೆದು ಪೀಠದ ಮೇಲಿಟ್ಟರು. ದೀಪಕ್ಕೆ ಎಣ್ಣೆ ಹಾಕಿದರು. "ಇನ್ನೂ ಓದ್ತಾ ಅವಳೆ ಅಂತ ಇರ್ಲಿ" ಎಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲ. ಪವಿತ್ರ ನನ್ನ ಮುಖ ನೋಡದೆ ತಟ್ಟೆ ಎತ್ತಿಕೊಂಡು ಹೋದಳು.

ಬೆಳಿಗ್ಗೆ ಹಾಲಿನವನು ಸುದ್ದಿ ತಂದ. ಲೋಕೇಶ ಇರುವ ಕಡೆಯೇ ಗುಂಡಿನ ದಾಳಿಯಾಗಿ ನಮ್ಮವರು ಕೆಲವರು ತೀರಿಕೊಂಡಿದ್ದಾರಂತೆ, ಹೆಸರು ಇನ್ನೂ ಹೇಳಿಲ್ಲವಂತೆ. ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಗಿ ಸೈಕಲ್ ತಿರುಗಿಸಿಕೊಂಡು ಹೋದ. ಸಿದ್ದಮ್ಮ ಏಣಿ ಹತ್ತಿ ಅಟ್ಟಕ್ಕೆ ಹೋದರು. ನನ್ನ ಕೋಣೆಯ ಮೇಲೆ ಕಾಯಿ ಅಲ್ಲಾಡಿಸುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಶಾಲೆಗೆ ಹೋಗುವ ದಾರಿಯಲ್ಲಿ ನಾನು ಸಿಟ್ಟಿನಲ್ಲಿದ್ದೆ. ಒಬ್ಬರ ಮೂಢನಂಬಿಕೆಗೆ ನನ್ನ ಕಾದಂಬರಿಯನ್ನು ಬಲಿ ಕೊಡಬೇಕೇ ಎಂದು ಒಳಗೊಳಗೇ ವಾದ ಮಾಡುತ್ತಿದ್ದೆ. ಅಗ್ನಿವರ್ಮ ಸತ್ತರೆ ಮಾತ್ರ ಆ ಕಥೆ ಕಥೆ. ಅವನನ್ನು ಬದುಕಿಸಿ ಮದುವೆ ಮಾಡಿಸಿದರೆ ಪ್ರಕಾಶಕರು ಏನೆಂದಾರು. ಅಷ್ಟೆಲ್ಲ ಅಂದುಕೊಂಡರೂ, ಆ ಸಿಟ್ಟಿನ ಕೆಳಗಿದ್ದದ್ದು ಹೆದರಿಕೆ. ಲೋಕೇಶನಿಗೇನಾದರೂ ಆಗಿದ್ದರೆ ಆ ಮನೆಯಲ್ಲಿ ನಾನು ಹೇಗೆ ಮುಖವೆತ್ತಲಿ ಎಂಬುದೊಂದೇ.

ಮಧ್ಯಾಹ್ನ ಪವಿತ್ರ ಶಾಲೆಯ ಗೇಟಿನ ಬಳಿ ನಿಂತಿದ್ದಳು. ನಾನು ಬಿಟ್ಟುಬಂದ ಊಟದ ಡಬ್ಬಿ ಅವಳ ಕೈಯಲ್ಲಿತ್ತು.

"ಮಿಸ್, ನಾನೂ ಡಿಗ್ರಿ ಓದಿದೀನಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ನಂಗೊತ್ತು" ಎಂದಳು.

"ಹೌದು ಪವಿತ್ರ, ಇಲ್ಲ."

"ಗೊತ್ತು. ಆದ್ರೂ ಬರೀರಿ."

ಡಬ್ಬಿ ಕೊಟ್ಟು ಹೊರಟುಹೋದಳು. ಅವಳ ಕಣ್ಣು ಊದಿಕೊಂಡಿತ್ತು.

ಮುಖ್ಯೋಪಾಧ್ಯಾಯರಿಗೆ ತಲೆನೋವೆಂದು ಹೇಳಿ ಗುಡಿಯ ಕಡೆ ನಡೆದೆ. ಹುಲ್ಲುಹಾಸಿನ ಮೇಲೆ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಮರದ ಕೆಳಗೆ ಕೂತು, ಊಟದ ಡಬ್ಬಿಯ ಮೇಲೆ ಹಾಳೆ ಇಟ್ಟುಕೊಂಡು ಒಂದೇ ಉಸಿರಿಗೆ ಬರೆದೆ. ಬಾಣ ಎದೆಗವಚದಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೇ. ಶಾಮಲೆ ಕಂಬಕ್ಕೆ ಕೈಯಿಟ್ಟಳು, ಕಲ್ಲಿನ ಆನೆ ಕಿವಿ ಬೀಸಿತು, ಅಗ್ನಿವರ್ಮ ಎದ್ದ, ಬಾಣ ಬಿಟ್ಟವನನ್ನು ಒಂದೇ ಹೊಡೆತಕ್ಕೆ ಕೆಡವಿದ. ಕೋಟೆ ಉಳಿಯಿತು. ಮೂರು ಪುಟದಲ್ಲಿ ಮದುವೆಯನ್ನೂ ಮಾಡಿಸಿ ಮುಗಿಸಿದೆ. ನಾನು ಬರೆದ ಎಲ್ಲದರಲ್ಲಿ ಅದೇ ಅತ್ಯಂತ ಕೆಟ್ಟ ಅಧ್ಯಾಯ.

ಸಂಜೆ ಅದನ್ನು ಓದಿದೆ. ಅಗ್ನಿವರ್ಮ ಎದ್ದು ಕೂತ ಸಾಲಿಗೆ ಸಿದ್ದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಮದುವೆಯ ಪುಟ ಮುಗಿದ ಮೇಲೆ ತಮ್ಮ ದಪ್ಪ ಗಂಟಲಿನಲ್ಲಿ ತಾವೇ ಮಂಗಳ ಹಾಡಿ, ಪುಸ್ತಕವನ್ನು ಎರಡು ಕೈಯಿಂದ ಮುಚ್ಚಿ, ಕೊಬ್ಬರಿ ಸಕ್ಕರೆ ಹಂಚಿ, ಆಮೇಲೆ ಊಟಕ್ಕೆ ಕೂತರು.

ಐದನೆಯ ದಿನ ಫೋನು ಬಂತು. "ಚೆನ್ನಾಗಿದೀನಿ ಕಣಮ್ಮ" ಎಂದಷ್ಟೇ ಹೇಳಿ ಇಟ್ಟನಂತೆ. ಪವಿತ್ರ ನನ್ನ ಕೋಣೆಗೆ ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ವಾರದೊಳಗೆ ಆ ಬೀದಿಗೆಲ್ಲ ಸುದ್ದಿ ಹಬ್ಬಿತು. ಮಗಳ ಹೆರಿಗೆಗೆ ಒಂದು ಅಧ್ಯಾಯ ಓದುತ್ತೀರಾ ಎಂದು ಎದುರು ಮನೆಯವರು ಕೇಳಲು ಬಂದರು. ಹಾಗೆಲ್ಲ ಏನೂ ಇಲ್ಲ ಎಂದು ನಾನು ಎಲ್ಲರಿಗೂ ತಿಳಿಹೇಳುತ್ತಿದ್ದೆ, ಒಳಗೊಳಗೆ ಮಾತ್ರ ಉಬ್ಬಿಹೋಗಿದ್ದೆ. ಸುಳ್ಳೇಕೆ ಹೇಳಲಿ.

ಗಡಿ ತಣ್ಣಗಾಯಿತು. ದೀಪಾವಳಿಗೆ ಹತ್ತು ದಿನವಿರುವಾಗ ಲೋಕೇಶ ರಜೆಗೆ ಬಂದ. ಅರಸೀಕೆರೆಯಲ್ಲಿ ರೈಲಿಳಿದು ಬೆಳಗಿನ ಬಸ್ಸಿಗೆ ಬಂದಿಳಿದವನನ್ನು ಸಿದ್ದಮ್ಮ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದರು. ಫೋಟೋದಲ್ಲಿ ನೋಡಿದ್ದಕ್ಕಿಂತ ತೆಳ್ಳಗಿದ್ದ. ನನ್ನನ್ನು ಕಂಡು "ನಮಸ್ಕಾರ ಮೇಡಂ, ಕಥೆ ವಿಷಯ ಪವಿತ್ರ ಫೋನಲ್ಲಿ ಹೇಳಿದ್ಲು" ಎಂದು ಸಣ್ಣಗೆ ನಕ್ಕ. ಆ ಮೇಲೆ ಮೂರು ದಿನ ಅವನ ಧ್ವನಿಯೇ ಕೇಳಿಸಲಿಲ್ಲ. ಕೊಟ್ಟಿದ್ದನ್ನು ಉಣ್ಣುತ್ತಿದ್ದ, ತೋಟಕ್ಕೆ ಹೋಗಿ ಬರುತ್ತಿದ್ದ, ಜಗಲಿಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ.

"ನಿದ್ದೆನೇ ಮಾಡಲ್ಲ ಮಿಸ್" ಎಂದಳು ಪವಿತ್ರ, ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ. "ಮಲಗ್ತಾರೆ, ಕಣ್ಣು ತೆರ್ಕೊಂಡೇ ಇರ್ತಾರೆ. ನಾನೇನ್ ತಪ್ಪು ಮಾಡಿದ್ನೋ ಗೊತ್ತಾಗ್ತಿಲ್ಲ. ಕೇಳಿದ್ರೆ ಏನಿಲ್ಲ ಅಂತಾರೆ. ಇನ್ನು ಹನ್ನೆರಡು ದಿನಕ್ಕೆ ವಾಪಸ್ ಹೊರಡಬೇಕು." ಅವಳು ಅಷ್ಟು ದಿನ ಕಾದದ್ದು ಈ ಮನುಷ್ಯನಿಗೆ. ಅವನು ಬಂದಿದ್ದ, ಅವಳ ಜೊತೆ ನಾಲ್ಕು ಮಾತಾಡಲೂ ಅವನಿಗಾಗುತ್ತಿರಲಿಲ್ಲ. ದೂರಲು ಯಾರೂ ಇರಲಿಲ್ಲ, ಅದೇ ಅವಳ ಸಂಕಟ.

ಅವನನ್ನು ಹೇಗಾದರೂ ನಗಿಸಬೇಕೆಂದು ಅವಳಿಗೆ ಹೊಳೆದ ಉಪಾಯ ಆ ಅಧ್ಯಾಯ. ಅವನ ಜೀವ ಉಳಿಸಿದ ಅಧ್ಯಾಯವಲ್ಲವೇ. ಸಂಜೆ ಏಳಕ್ಕೆ ಮತ್ತೆ ಮಣೆ ಹಾಕಿದಳು. ಲೋಕೇಶ ಬಾಗಿಲ ಪಕ್ಕ ಕಂಬಕ್ಕೊರಗಿ ಕೂತ. ನಾನು ಕಾಳಗದಿಂದ ಮದುವೆಯವರೆಗೆ ಹುರುಪಿನಿಂದ ಓದಿದೆ. ಅವನು ಕೊನೆಯವರೆಗೂ ಕೇಳಿದ.

"ಆ ಬಾಣ ಬಿಟ್ಟೋನು ಸತ್ತನಲ್ಲ ಮೇಡಂ" ಎಂದ ಆಮೇಲೆ, "ಅವನ್ದು ಮುಂದಕ್ಕೆ ಏನೂ ಇಲ್ವಾ?"

"ಇಲ್ಲ. ಅಲ್ಲಿಗೆ ಅವನ ಕೆಲಸ ಮುಗೀತು."

"ಹಂಗಾದ್ರೆ ಸಾವಿನ ಮ್ಯಾಲೇ ಮುಚ್ಚಿದ್ರಿ."

"ಅವ್ನು ವೈರಿ ಕಣೋ" ಎಂದರು ಸಿದ್ದಮ್ಮ.

"ಗೊತ್ತಮ್ಮ."

ಆಮೇಲೆ ಅವನೇ, ನೆಲ ನೋಡುತ್ತಾ, ಹೇಳತೊಡಗಿದ. ಅವರ ಠಾಣೆಯ ಎದುರು ದಿಬ್ಬದಲ್ಲಿ ಆ ಕಡೆಯವನೊಬ್ಬನಿದ್ದನಂತೆ. ದುರ್ಬೀನಿನಲ್ಲಿ ದಿನಾ ಕಾಣುತ್ತಿದ್ದ. ಬೆಳಿಗ್ಗೆ ಮುಖ ತೊಳೆದು ಕೆಂಪು ಟವಲನ್ನು ಒಂದು ಬಂಡೆಯ ಮೇಲೆ ಹರವುತ್ತಿದ್ದ, ನಾಲ್ಕು ಮೂಲೆಗೂ ಕಲ್ಲಿಟ್ಟು. ಸಂಜೆ ಬಂದು ಮಡಚಿ ತೆಗೆದುಕೊಂಡು ಹೋಗುತ್ತಿದ್ದ. ಬಹಳ ಅಚ್ಚುಕಟ್ಟಿನ ಮನುಷ್ಯ. ಗುಂಡು ಹಾರಿದ ಆ ದಿನದ ಸಂಜೆ ಟವಲ್ ತೆಗೆದುಕೊಳ್ಳಲು ಯಾರೂ ಬರಲಿಲ್ಲ.

"ನಂದೇ ಗುಂಡೋ ಬ್ಯಾರೆಯವರದೋ ಗೊತ್ತಿಲ್ಲ. ಮೂರು ದಿನ ಅಲ್ಲೇ ಇತ್ತು ಟವಲ್ಲು. ಕಣ್ಣು ಮುಚ್ಚಿದ್ರೆ ಅದೇ ಕಾಣ್ತದೆ. ಬ್ಯಾರೆ ಏನೂ ಕಾಣಲ್ಲ."

ಪವಿತ್ರ ಅವನ ಪಕ್ಕಕ್ಕೆ ಸರಿದು ಕೂತು, ಅತ್ತೆಯ ಎದುರಿಗೇ ಅವನ ಕೈ ಹಿಡಿದುಕೊಂಡಳು. ಸಿದ್ದಮ್ಮ ಹುಣಸೆಬೀಜಗಳನ್ನು ಮೊರದಲ್ಲಿ ಅತ್ತಿತ್ತ ಸರಿಸುತ್ತಾ ಕೂತಿದ್ದರು. ಕೊನೆಗೆ ನನ್ನ ಕಡೆ ತಿರುಗಿದರು.

"ಮೇಷ್ಟ್ರಮ್ಮ, ಅವನ್ದೂ ವಸಿ ಬರಿ."

"ಅವನಿಗೆ ಹೆಸರೇ ಇಟ್ಟಿಲ್ಲ ಅಮ್ಮಾ."

ಅವರು ಮೊರವನ್ನು ಪಕ್ಕಕ್ಕಿಟ್ಟರು. "ಪುಟ್ಟ ಅನ್ನು" ಎಂದರು. "ದೊಡ್ಡೆಸ್ರು ಏನಾರ ಇರ್ಲಿ. ಮನೇಲಿ ಹಂಗೇ ಕರೀತಿರ್ತಾರೆ."

ಹಾಗೆ ನನ್ನ ಕಾದಂಬರಿಯಲ್ಲಿ ಅಗ್ನಿವರ್ಮ, ಶಾಮಲೆಯರ ನಡುವೆ ಪುಟ್ಟ ಬಂದು ಕೂತ. ಅವನಿಂದಾಗಿ ನಾನು ಅಲ್ಲಿಯವರೆಗೆ ಬರೆದದ್ದರಲ್ಲಿ ಅರ್ಧ ಹೊಡೆದು ಹಾಕಬೇಕಾಯಿತು, ದೀಪಾವಳಿಯ ಗಡುವು ಮೀರಿತು, ಆ ಪ್ರಕಾಶಕರು ಮತ್ತೆ ಪತ್ರ ಬರೆಯಲಿಲ್ಲ. ಎರಡು ವರ್ಷದ ಮೇಲೆ ಬೇರೆಯವರು ಅಚ್ಚು ಮಾಡಿದರು. ಅಚ್ಚಿಗೆ ಮುಂಚೆ ಅವರ ಸಂಪಾದಕರು ಫೋನು ಮಾಡಿ, "ಪುಟ್ಟ ಅನ್ನೋದು ಈ ಲೋಕಕ್ಕೆ ಒಗ್ಗಲ್ಲ ಮೇಡಂ, ಓದೋರು ನಗ್ತಾರೆ" ಎಂದರು. ನಗಲಿ ಬಿಡಿ ಎಂದೆ. ನಕ್ಕವರು ಯಾರೂ ನನಗೆ ಬರೆದಿಲ್ಲ.

ಆದರೆ ಪುಸ್ತಕಕ್ಕಿಂತ ಮೊದಲು ಆ ಮರುದಿನದ ಸಂಜೆ ಇತ್ತು. ಶಾಲೆಗೆ ರಜೆ ಹಾಕಿ ಇಡೀ ದಿನ ಕೂತು ಪುಟ್ಟನ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಅವನ ಊರು, ಅವನ ಕೆರೆ, ಬಿಲ್ಲು ಹಿಡಿಯಲು ಅವನಿಗೆ ಮನಸ್ಸಿಲ್ಲದ್ದು, ಕೊನೆಗೆ ಅವನ ಸುದ್ದಿ ಊರಿಗೆ ಹೋದದ್ದು. ಏಳಕ್ಕೆ ದೀಪ ಹಚ್ಚಿ ಓದಲು ಶುರುಮಾಡಿದೆ. ಲೋಕೇಶ ಈ ಸಲ ಕಂಬದ ಬಳಿ ಕೂರದೆ ಚಾಪೆಯ ಮೇಲೆ ಬಂದು ಕೂತ. ಎರಡನೇ ಪುಟದಲ್ಲಿ ಅವನು ಹಾಗೇ ಹಿಂದಕ್ಕೊರಗಿದ. ಮೂರನೇ ಪುಟ ತಿರುವಿ ನೋಡಿದರೆ ಪವಿತ್ರಳ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು, ಮಲಗಿಬಿಟ್ಟಿದ್ದ. ಪವಿತ್ರ ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಿದ್ದಳು. ಬರೆದದ್ದು ಮುಗಿಯುತ್ತಾ ಬಂತು. ನನ್ನ ಧ್ವನಿ ಇಳಿದದ್ದು ಸಿದ್ದಮ್ಮನವರಿಗೆ ತಿಳಿಯಿತು.

"ನಿಲ್ಲಿಸ್ಬ್ಯಾಡ" ಎಂದರು ಪಿಸುಮಾತಿನಲ್ಲಿ. "ನಿಲ್ಲಿಸಿದ್ರೆ ಎದ್ದುಬಿಡ್ತಾನೆ."

ನಾನು ಖಾಲಿ ಪುಟ ತಿರುವಿದೆ. ಸತ್ತ ಪುಟ್ಟನನ್ನು ಬದುಕಿಸಲು ನನ್ನಿಂದಾಗಲಿಲ್ಲ. ಆದರೆ ಅವನ ಊರಿಗೆ ಮಳೆ ತರಿಸಿದೆ, ಕೆರೆ ತುಂಬಿಸಿದೆ, ಅವನ ತಂಗಿಗೆ ಒಳ್ಳೆಯ ಕಡೆ ಮದುವೆ ಮಾಡಿಸಿದೆ, ಅವಳಿಗೊಂದು ಮಗುವಾಯಿತು, ಆ ಮಗು ಅಂಬೆಗಾಲಿಟ್ಟಿತು, ನಡೆಯಿತು. ಬಾಯಿಗೆ ಬಂದದ್ದನ್ನೆಲ್ಲ ಬರೆದದ್ದೆಂಬಂತೆ, ಬೆರಳನ್ನು ಗೆರೆಗಳ ಮೇಲೆ ಓಡಿಸುತ್ತಾ, ಅದೇ ಧ್ವನಿಯಲ್ಲಿ ಓದುತ್ತಲೇ ಇದ್ದೆ. ಲೋಕೇಶ ಒಂದು ಸಲ ಮಗ್ಗುಲು ಬದಲಿಸಿದ, ಏಳಲಿಲ್ಲ. ಸಿದ್ದಮ್ಮ ಸದ್ದಾಗದ ಹಾಗೆ ದೀಪದ ಬತ್ತಿಯನ್ನು ಸ್ವಲ್ಪ 
ಮುಂದಕ್ಕೆಳೆದರು. ನಾನು ಮತ್ತೊಂದು ಖಾಲಿ ಪುಟ ತಿರುವಿದೆ.